ಕಿವಿರು

ಬೈತಕೋಲ ದಕ್ಕೆಯಲ್ಲಿ ಬುಟ್ಟಿಗೆ ಹಾಕುವ ಮೊದಲು
ಶೇವಂತಿ ಬಂಗುಡೆಯ ಕಿವಿರೆತ್ತಿ ನೋಡುತ್ತಾಳೆ.
ಮೈ ಹೊಳಪಿಗೇನು, ಐಸೂ ಹೊಳೆಸುತ್ತದೆ.

ರಾತ್ರಿ ಗಂಡನ ಪಾದದ ಬಾವು ಒತ್ತಿದರೆ
ಬೆರಳಿನ ಕುಳಿ ಹಾಗೇ ನಿಲ್ಲುತ್ತದೆ.
ಅದೇ ಬೆರಳಡಿ ಮೊಬೈಲು:
'ಡಯಾಲಿಸಿಸ್ ಬಿಡಿ, ಇಪ್ಪತ್ತೊಂದು ದಿನ ಈ ಸೊಪ್ಪಿನ ರಸ.'
ಬಿಳಿ ಕೋಟು, ನಗು, ಹಿಂದೆ ಕೊಳಲು.

ಕಳಿಸಿದವನು ನಾದಿನಿಯ ಗಂಡ; ಕೆಟ್ಟವನಲ್ಲ.
ಅವನಿಗೆ ಯಾರು ಕಳಿಸಿದರೋ.
ಡಾಕ್ಟರಿಗೆ ಊರಿಲ್ಲ, ಮಾತಿಗೆ ತಾರೀಖಿಲ್ಲ,
ಬಾಟಲಿಗೆ ಮಾತ್ರ ಬೆಲೆಯಿದೆ.

'ಒಂದ್ಸಲ ಕುಡ್ದು ನೋಡ್ಲಾ?' ಎಂದ ಬುದವಂತ
ಗೋಡೆಗೆ ಮುಖ ಹಾಕಿ.

ಅವಳು ಇಲ್ಲ ಅನ್ನಲಿಲ್ಲ, ಅಳಿಸಲೂ ಇಲ್ಲ.
ಗುರುವಾರ ಸೂಜಿ ಚುಚ್ಚುವ ಸಿಸ್ಟರ್ ಎದುರು
ಇದರ ಕಿವಿರೂ ಎತ್ತಬೇಕು.

ದೀಪ ಆರಿಸಿದ ಮೇಲೆ
ಆ ನಗುವನ್ನು ಇನ್ನೊಮ್ಮೆ ನೋಡಿದಳು,
ಕೊಳಲಿನ ಸದ್ದು ತೆಗೆದು.