ಎಳೆ ಹರಿದಾಗ

ಅರ್ಜಿಯ ಎರಡನೇ ಕಲಮು: ಸಂಸ್ಥಾಪಕರ ಹೆಸರು.
ಗಟ್ಟಿಯಾಗಿ ಓದಿದೆ. ಅಪ್ಪನ ಎಡಗಿವಿ ಹೋಗಿ ಹತ್ತು ವರ್ಷ,
ಬಲಗಿವಿ ಇತ್ತ ತಿರುಗಿಸಿ ಕೇಳಿದ:
"ಸಾಲ್ಯಾಗ ಫೋಟೋಕ್ಕ ಹಾರ ಹಾಕಿರ್ತಾರಲ್ಲ, ಅವರೇನು?"
"ಬಿಡ್ತು ಅನ್ರೀ," ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸಿದಳು.
ನಾನು ತುಂಬಿದೆ: ಪ್ರಾಜಕ್ತಾ ಗುರುಸಿದ್ಧ ಹತ್ತೂರೆ,
ಎಲೆಕ್ಟ್ರಾನಿಕ್ಸ್, ಮೂರನೇ ವರ್ಷ, ಸೊಲ್ಲಾಪುರ.

ನಿಮ್ಮ ಉತ್ಪನ್ನವನ್ನು ಒಂದೇ ವಾಕ್ಯದಲ್ಲಿ ವಿವರಿಸಿ.
ಹಾಸಿನ ಎಳೆ ಹರಿದರೆ ಹಳೆ ಮಗ್ಗಕ್ಕೆ ತಿಳಿಯುವುದಿಲ್ಲ.
ಉಳಿದದ್ದು ವಾಕ್ಯದಲ್ಲಿ ಹಿಡಿಸಲಿಲ್ಲ:
ಲಾಳಿ ಓಡುತ್ತಲೇ ಇರುತ್ತದೆ, ಟವೆಲ್ಲಿನ ನಡುವೆ
ಬೈತಲೆಯಂಥ ಬರಿ ಗೆರೆಯೊಂದು ಉದ್ದಕ್ಕೂ ಬೆಳೆಯುತ್ತದೆ,
ಶನಿವಾರದ ಪಗಾರದಲ್ಲಿ ಅದನ್ನು ಮುರಿದುಕೊಳ್ಳುತ್ತಾರೆ.
ಅಪ್ಪ ಎಳೆ ಅನ್ನುತ್ತಾನೆ, ಮಾಲೀಕ ಧಾಗಾ,
ಪಕ್ಕದ ನಾಲ್ಕು ಮಗ್ಗದ ನರ್ಸಯ್ಯ ಕಾಕಾ ಪೋಗು.
ಹರಿಯುವಾಗ ಅದು ಯಾವ ಭಾಷೆಯಲ್ಲೂ ಸಪ್ಪಳ ಮಾಡುವುದಿಲ್ಲ.

ಮೊದಲು ಮಾಡಿದ್ದು ಗಂಟೆ.
ಕಾಕಾ ತನ್ನ ಹದಿಮೂರನೇ ನಂಬರಿನ ಮಗ್ಗ ಬಿಟ್ಟುಕೊಟ್ಟ,
ಮಾಲೀಕ ಊಟಕ್ಕೆ ಹೋದಾಗ ತಂತಿ ಬೆಸೆದೆ,
ಬೇಕಂತಲೇ ಒಂದೆಳೆ ಕತ್ತರಿಸಿದೆವು.
ಗಂಟೆಯ ನಾಲಗೆ ಅಲ್ಲಾಡಿದ್ದು ಕಂಡಿತು.
ಯಾರಿಗೂ ಕೇಳಲಿಲ್ಲ.
ನಲವತ್ತು ಮಗ್ಗ, ಮೂವತ್ತು ವರ್ಷ,
ಕಿವಿ ಸವೆದವರ ಓಣಿಗೆ ನಾನು ಗಂಟೆ ತಂದಿದ್ದೆ!
ಕಾಕಾ ನಕ್ಕು ನಕ್ಕು ತಂಬಾಕು ನುಂಗಿಬಿಟ್ಟ.
ಆಮೇಲೆ ಕೆಂಪು ದೀಪ.

ವಿದ್ಯಾಪೀಠದ ಎರಡನೇ ಮಹಡಿ.
ನಾಲ್ವರು ಎದುರಿಗೆ, ಒಬ್ಬರು ಪರದೆಯ ಮೇಲೆ,
ಅವರ ಮುಖ ಆಗಾಗ ನಿಂತುಬಿಡುತ್ತಿತ್ತು.
ಗಿರಾಕಿ ಯಾರು? ಮಾಲೀಕರು.
ಹಾಗಾದರೆ ನಿಮ್ಮ ತಂದೆ? ಬಳಕೆದಾರರು ಸರ್.
ಬಾಯಿಪಾಠ ಮಾಡಿದ್ದ ಉತ್ತರ, ಸರಿಯಾಗಿತ್ತು.
ಉಳಿತಾಯ?
ಈಗ ಒಬ್ಬ ಆಳಿಗೆ ನಾಲ್ಕು ಮಗ್ಗ. ದೀಪ ಹಾಕಿದರೆ ಎಂಟು.
ಐದೂ ತಲೆ ಆಡಿದವು, ನಿಂತಿದ್ದ ಮುಖ ಕೂಡ.

ಫೆಲೋಶಿಪ್ ಮಂಜೂರಾಯಿತು. ತಿಂಗಳಿಗೆ ಹತ್ತು ಸಾವಿರ, ಹತ್ತು ತಿಂಗಳು,
ಹಾಜರಿಯಲ್ಲಿ ರಿಯಾಯಿತಿ, ಲ್ಯಾಬಿನಲ್ಲಿ ಒಂದು ಮೇಜು,
ಅದರ ಕುಂಟು ಕಾಲಿಗೆ ಮಡಚಿಟ್ಟ ಹಳೆ ಪ್ರಶ್ನೆಪತ್ರಿಕೆ.
ಮೊದಲ ಕಂತು ಬಂದ ದಿನ ಅವ್ವ ಶೇಂಗಾ ಹೋಳಿಗೆ ಮಾಡಿ
ನರ್ಸಯ್ಯ ಕಾಕಾನ ಮನೆಗೂ ಒಂದು ಡಬ್ಬಿ ಕಳಿಸಿದಳು.
ಖಾಲಿ ಕೊಡಬಾರದೆಂದು ಹಿಡಿ ಸಕ್ಕರೆ ಹಾಕಿ
ಡಬ್ಬಿ ಮರಳಿಸಿದರು.

ಅಂದು ರಾತ್ರಿ ಪಾಳಿಗೆ ಹೊರಟ ಅಪ್ಪ
ಪೆಡಲಿನ ಮೇಲೆ ಒಂದು ಕಾಲಿಟ್ಟೇ ಕೇಳಿದ:
"ಎಂಟು ನನಗಾದ್ರ, ನರ್ಸಯ್ಯಗ ಎಷ್ಟು?"
ಗಟ್ಟಿಯಾಗಿ ಹೇಳಬೇಕಿದ್ದ ಉತ್ತರ.
ಮೆಲ್ಲಗೆ ಏನೋ ಅಂದೆ,
ಅದೂ ಎಡಕ್ಕೆ ನಿಂತು.

ಈಗ ಅರ್ಧವಾರ್ಷಿಕ ವರದಿ.
ರಸೀದಿ ಲಗತ್ತಿಸಿದ್ದೇನೆ: ಸೆನ್ಸರು, ಬೆಸುಗೆ ತಂತಿ, ಬಸ್ ಪಾಸು.
ಹನ್ನೊಂದನೇ ಕಲಮು: ಸೃಷ್ಟಿಸಿದ ಉದ್ಯೋಗಗಳ ಸಂಖ್ಯೆ.
ಒಂದು ಅಂತ ಹಾಕಿದೆ, ನಾನೇ. ಅಳಿಸಿದೆ.
ಹಿಂದೆ ಒಂದು ಕಳೆಯುವ ಗೆರೆ ಎಳೆದು ನೋಡಿದೆ,
ಆ ಪೆಟ್ಟಿಗೆ ಅದನ್ನು ತೆಗೆದುಕೊಳ್ಳುವುದಿಲ್ಲ.
ಸೊನ್ನೆ ಒತ್ತಿದರೆ ಮುಂದಿನ ಪುಟ ತೆರೆಯುವುದಿಲ್ಲ.

ಲ್ಯಾಪ್‌ಟಾಪ್ ಮುಚ್ಚಿ ಕಾರ್ಖಾನೆಗೆ ಹೋದೆ.
ಹದಿಮೂರರ ಮೇಲೆ ಕೆಂಪು ಹತ್ತಿತ್ತು.
ಕಾಕಾ ಆ ತುದಿಯಿಂದಲೇ ನೋಡಿ ಬಂದ,
ಬೆರಳಿಗೆ ಎಂಜಲು ಹಚ್ಚಿ ತುದಿಗೆ ತುದಿ ಹೊಸೆದು
ಕಣ್ಣು ನನ್ನ ಮೇಲಿಟ್ಟೇ ಗಂಟು ಹಾಕಿದ.
ದೀಪ ಆರಿತು. ಒಂದು ಟವೆಲ್ಲೂ ಹೋಗಲಿಲ್ಲ.
"ಬಾಗುಂದಿ ಬಿಡ್ಡಾ," ಕಿವಿಯ ಹತ್ತಿರ ಬಾಯಿ ತಂದು ಕೂಗಿದ,
"ನನ್ನ ಉಳಿದ ಮೂರಕ್ಕ ಯಾವಾಗ ಹಾಕ್ತಿ?"

ಚೀಲದಲ್ಲಿ ಏಳು ದೀಪಗಳಿದ್ದವು.