ಪ್ಲುತ

ಅವನ ಸಾಲಿನ ಕೊನೆಯ ಪದ ನನ್ನದಾಗಿತ್ತು.
ಏಳು ವರ್ಷ, ಎರಡನೇ ಮೈಕು.
ಅವನು ಉಸಿರೆಳೆದುಕೊಳ್ಳುವ ಕಡೆ ನಾನು ‘ಹ್ಞಾ’,
ಅವನು ‘ನಮ್ಮ ಬೀದಿ’ ಅಂದರೆ ನಾನು ‘ಬೀದಿ’.

ಮನೆಯಲ್ಲಿ ಮಂಟೇಶ, ಪೋಸ್ಟರಿನಲ್ಲಿ ಗಂಟ್ಲು ಮಂಟ.
ಅಶೋಕಪುರಂ ರೈಲ್ವೆ ವರ್ಕ್‌ಶಾಪಿನ ಗೋಡೆಗೆ ಬೆನ್ನು ಕೊಟ್ಟು
ಮೊಬೈಲಿನಲ್ಲಿ ನಾನು ಬೀಟು ಕಟ್ಟಿದರೆ
ಅವನ ಬಾಯಿ ಕಡಲೆ ಹುರಿಯುವ ಬಾಂಡ್ಲಿ:
ಅಡಿಗಡಿಗೆ ಕಡಿಕಡಿದು ಬಡಿಬಡಿದು ನುಡಿನುಡಿದು
ಒಂದು ತಾಳದೊಳಗೆ ಹದಿನಾರು ಅಕ್ಷರ ತುರುಕಿ
ಇನ್ನೆರಡಕ್ಕೆ ಜಾಗ ಕೇಳುತ್ತಿದ್ದ,
ನಂಜನಗೂಡು ಪ್ಯಾಸೆಂಜರಿನಲ್ಲಿ
‘ಒಸಿ ಸರ್ಕೊಳಿ’ ಅಂದ ಹಾಗೆ.

ಹೊಟ್ಟೆಪಾಡಿಗೆ ವಾಟರ್ ಫಿಲ್ಟರ್ ಸರ್ವಿಸು.
ಎನ್.ಆರ್. ಮೊಹಲ್ಲಾ, ಚರ್ಚಿನ ಹಿಂದಿನ ಗಲ್ಲಿ,
ಎನಿಡ್ ಫ್ಲೆಚರ್ ಅನ್ನೋ ಮುದುಕಿ.
ಗಂಡ ಇದೇ ವರ್ಕ್‌ಶಾಪಿನಲ್ಲಿ ಫಿಟ್ಟರು,
ಸಂಜೆಗೆ ಕ್ಲಾರಿನೆಟ್ಟು; ಹೋಗಿ ಹನ್ನೊಂದು ವರ್ಷ.
ಇವನು ಕಾರ್ಟ್ರಿಜ್ ಬಿಚ್ಚಿ ಕಂದು ಹೂಳು ತೊಳೆಯುವಾಗ
ಒಳಕೋಣೆಯಲ್ಲಿ ರೆಕಾರ್ಡು ತಿರುಗುತ್ತಿತ್ತಂತೆ.
ಯಾರೋ ಕಪ್ಪು ಹೆಂಗಸು, ಅಂದ.
ದನಿಯಲ್ಲೇ ಗೊತ್ತಾಯ್ತಾ, ಅಂದೆ.
ಕವರಿನ ಮೇಲೆ ಫೋಟೋ ಇತ್ತು ಕಣೋ, ಅಂದ.
‘ಒಂದೇ ಪದ, ಮಗಾ.
ಮೂರು ಗ್ಲಾಸು ನೀರು ತುಂಬ್ತು,
ಅವಳಿನ್ನೂ ಆ ಪದ ಬಿಟ್ಟಿರಲಿಲ್ಲ.’

ಆಮೇಲೆ ಬುಧವಾರಗಳು ಅಜ್ಜಿಯ ಪಾಲಾದವು.
ನಾನು ಜಗಳ ತೆಗೆದೆ.
ನಮ್ಮ ಸಿಟ್ಟನ್ನ ಇನ್ಯಾರು ಹೇಳ್ತಾರೆ,
ಕೋಟಿನವರ ಮುಂದೆ ಕೋಟು ಹಾಕ್ಕೊಂಡು ಕೊಸರಾಡ್ತೀಯಾ ಅಂದೆ.
ಅವನು ಸುಮ್ಮನಿದ್ದ.
ಮೊದಲಾದರೆ ಎರಡು ಸಾಲಿನಲ್ಲಿ ನನ್ನ ಸುಟ್ಟು ಬೂದಿ ಮಾಡುತ್ತಿದ್ದ.
‘ಅವರದ್ದೂ ಸಿಟ್ಟೇ’ ಅಂದ, ಎಷ್ಟೋ ಹೊತ್ತಾದ ಮೇಲೆ. ‘ನೆಂದಿರೋ ಸಿಟ್ಟು.’

ಶನಿವಾರ, ಯಾದವಗಿರಿಯ ಹೋಟೆಲು, ಹುಲ್ಲುಹಾಸು.
ಶಿವರಾಂಪೇಟೆಯ ಬಾಡಿಗೆ ಕೋಟು, ತೋಳು ಒಂದಿಂಚು ಗಿಡ್ಡ.
ಪಿಯಾನೊ ಮುಂದೆ ಅಜ್ಜಿ, ಗೆಣ್ಣೆಲ್ಲ ಊದಿ ಶುಂಠಿ.
ಕುರ್ಚಿಯವರು ಗೋಬಿಗೆ ಕಡ್ಡಿ ಚುಚ್ಚುತ್ತಿದ್ದರು.
ನಾನು ಕೈ ತೊಳೆಯುವ ಬೇಸಿನ್ ಪಕ್ಕ, ನಿಂತೇ.

ಹಾಡಿದ.
ಭಾಷೆ ಅವನದಲ್ಲ, ನನ್ನದೂ ಅಲ್ಲ.
ಒಂದು ‘ಊ’ ಹಿಡಿದನು ನೋಡಿ,
ಅಶೋಕಪುರಂ ಬಿಟ್ಟ ರೈಲು ಚಾಮರಾಜಪುರಂ ಸೇರುವ ತನಕ.

ಎಂಟನೇ ಕ್ಲಾಸು. ಶಿವನಂಜಯ್ಯ ಮೇಷ್ಟ್ರು
ಬೋರ್ಡಿನ ಮೇಲೆ ಪ್ರಸ್ತಾರ ಹಾಕುತ್ತಿದ್ದರು:
ಬಟ್ಟಲು, ಗೆರೆ, ಬಟ್ಟಲು, ಬಟ್ಟಲು.
ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು.
ಮೂರರದೊಂದಿದೆ, ಪ್ಲುತ;
ದೂರದವರನ್ನು ಕರೆಯೋವಾಗ ಮಾತ್ರ,
ಪರೀಕ್ಷೆಗೆ ಬರಲ್ಲ, ಬಿಡಿ.

ಬಿಟ್ಟೇ ಬಿಟ್ಟಿದ್ದೆವು.
ನಮ್ಮ ಅವ್ವಂದಿರು ಬಿಟ್ಟಿರಲಿಲ್ಲ:
ವರ್ಕ್‌ಶಾಪಿನ ಸೈರನ್ನಿನ ಮೇಲೆ ದನಿ ಎತ್ತಿ
ಎರಡು ಬೀದಿ ದಾಟಿಸಿ
‘ಮಂಟೇಶಾಽಽಽ ಉಣ್ಣಕ್ ಬಾರೋಽಽ’
ಬೈಯುವುದೆಲ್ಲ ಲಘುವಿನಲ್ಲಿ.
ಕರೆಯುವುದು ಮಾತ್ರ ಹೀಗೆ.

ಯಾರನ್ನು ಕರೆಯುತ್ತಿದ್ದನೋ.
ಅಷ್ಟರಲ್ಲಿ ಉಸಿರೆಳೆದುಕೊಂಡ,
ನನ್ನ ಬಾಯಿ ತಾನಾಗಿ ತೆರೆಯಿತು: ‘ಹ್ಞಾ.’

ಗೋಬಿಗಳು ಗಾಳಿಯಲ್ಲಿ ನಿಂತವು.
ಅಜ್ಜಿ ತಲೆ ಎತ್ತಲಿಲ್ಲ;
ನನ್ನ ‘ಹ್ಞಾ’ ಬಿದ್ದ ಜಾಗಕ್ಕೇ
ಎಡಗೈಯಿಂದ ಎರಡು ಮಂದ್ರದ ಮನೆ ಒತ್ತಿದಳು,
ಗುಂಡಿ ಮೇಲೆ ಹಲಗೆ ಹಾಕಿದ ಹಾಗೆ.
ಅವನು ಒಂದು ಕಣ್ಣು ತೆರೆದು, ಮುಚ್ಚಿ, ದಾಟಿಹೋದ.

ರಾತ್ರಿ ನನ್ನ ಸ್ಕೂಟರಿನ ಹಿಂದೆ ಕೂತು
ಕೋಟಿನ ಜೇಬು ತಡಕಿದ:
ಯಾರದೋ ಮದುವೆಯ ಅಕ್ಷತೆ, ನಾಲ್ಕು ಕಾಳು.
ಬಿಸಾಕು, ಅಂದೆ.
ಹತ್ತು ಗಂಟೆಗೆ ವಾಪಸು ಕೊಡಬೇಕು, ಅವರದು ಅವರಿಗೇ ಇರಲಿ, ಅಂದ.
ನಾಳೆ ಗೋಕುಲದಲ್ಲಿ ಆರು ಫಿಲ್ಟರು, ಅಂದ.
ಗೇಟಿನ ಹತ್ತಿರ ಇಳಿದು,
ಮುಂದಿನ ಶನಿವಾರ ಬೇಸಿನ್ ಪಕ್ಕ ನಿಲ್ಬೇಡ, ಅಂದ.

ಎಲ್ಲಿ ನಿಲ್ಲಬೇಕು ಅಂತ ಹೇಳಲಿಲ್ಲ.