ಹಿಂದಿನ ಸೀಟಿನ ಪಕ್ಕದ ಜಾಲರಿ

ಎಂಟಕ್ಕೆ ಬರುತ್ತೇವೆ ಅಂದಿದ್ದೆವು.
ಗೊಂಚಿಗ್ ಏಳಕ್ಕೇ ಬಂದು ಎಂಜಿನ್ನು ಬಿಸಿ ಮಾಡಿಟ್ಟಿದ್ದಾನೆ.
ಗ್ಲೌಸು ಕಳಚಿ ಬಾನೆಟ್ಟಿನ ಮೇಲೆ ಕೈಯಿಟ್ಟೆ:
ಆಗಷ್ಟೇ ಯಾರೋ ಎದ್ದುಹೋದ ಹಾಸಿಗೆಯ ಬಿಸುಪು.
ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
"ಆರಿಸು" ಅಂದೆ. "ಎರಡು ತಾಸು ಕಾಯುತ್ತೇವೆ.
ತಣ್ಣಗಿದ್ದಾಗ ಅದು ಹೇಗೆ ಕೆಮ್ಮುತ್ತೆ, ಕೇಳಬೇಕು."

ಉಲಾನ್‌ಬಾತರಿನ ಕಾರು ಸಂತೆ.
ಸಾಲು ಸಾಲು ಹೈಬ್ರಿಡ್ಡು, ಎಲ್ಲಕ್ಕೂ ಬಲಗಡೆ ಸ್ಟೀರಿಂಗು,
ಜಪಾನಿನಲ್ಲಿ ಒಂದು ಜನ್ಮ ಮುಗಿಸಿ ಬಂದವು.
ಯಾಂಜ್ಮಾಗೆ ಬೇಕರಿಯಲ್ಲಿ ರಾತ್ರಿಪಾಳಿ.
ಮೂರು ವರ್ಷದ ಉಳಿತಾಯ ಕೋಟಿನ ಒಳಜೇಬಿನಲ್ಲಿ,
ಆಗಾಗ ಎದೆ ಮುಟ್ಟಿಕೊಳ್ಳುತ್ತಾಳೆ.
"ಬಣ್ಣ ಚೆನ್ನಾಗಿದೆ, ಅಲ್ವಾ?"

ಬಣ್ಣ ನೋಡಬೇಡಮ್ಮ.
ನಮ್ಮಪ್ಪ ಕುದುರೆ ಕೊಳ್ಳುವಾಗ ತುಟಿ ಎತ್ತಿ ಹಲ್ಲು ನೋಡುತ್ತಿದ್ದ,
ವಯಸ್ಸು ಅಲ್ಲಿರುತ್ತೆ.
ಇದು ಹಲ್ಲಿಲ್ಲದ ಪ್ರಾಣಿ. ವಯಸ್ಸು ಇರುವುದು ಮೀಟರಿನಲ್ಲಿ,
ಆ ಮೀಟರನ್ನೋ
ಸಂದಿಯಲ್ಲಿ ಕೂತ ಹುಡುಗ ಒಂದೂಟದ ದುಡ್ಡಿಗೆ ತಿದ್ದಿಕೊಡುತ್ತಾನೆ.
ತೊಂಬತ್ತೊಂದು ಸಾವಿರ ಅಂತಿದೆ. ಇರಲಿ.
ಬ್ರೇಕಿನ ಪೆಡಲ್ಲು ನೋಡು,
ರಬ್ಬರು ಸವೆದು ಒಳಗಿನ ಲೋಹ ಇಣುಕುತ್ತಿದೆ.
ಬಾಯಿಗೆ ಬರುವ ಸುಳ್ಳು ಕಾಲಿಗೆ ಬರುವುದಿಲ್ಲ.

ತಣ್ಣಗಾಯಿತು. ಈಗ ಗುಂಡಿ ಒತ್ತು.
ಸದ್ದಿಲ್ಲವೆಂದು ಹೆದರಬೇಡ, ಇದರ ಜಾಯಮಾನವೇ ಹಾಗೆ.
ಹಾಂ, ಎದ್ದಿತು. ಎರಡು ಉಸಿರಿನಷ್ಟು ಮೈ ನಡುಗಿಸಿ ಸುಮ್ಮನಾಯಿತು.
ನಡುಕ ನಿಲ್ಲದಿದ್ದರೆ ಎದ್ದು ಹೋಗಬೇಕಿತ್ತು ನಾವು,
ಒಳಗೊಳಗೇ ನೀರು ಸೋರುತ್ತಿದೆಯೆಂದು ಲೆಕ್ಕ.
ಬ್ರೇಕಿನ ಪಂಪು ಎಷ್ಟು ಸಲ ಗೊರಗುಟ್ಟುತ್ತೆ, ಎಣಿಸು.
ಆ ಪುಟ್ಟ ಡಬ್ಬಿಯಲ್ಲಿ ಕೂಲಂಟು ಅಲುಗುತ್ತಿದೆಯಾ, ಬಗ್ಗಿ ನೋಡು.
ಈ ತಂತಿ ನನ್ನ ಫೋನಿಗೆ.
ಹದಿನಾಲ್ಕು ಕಂಬ ಕಾಣುತ್ತವಲ್ಲ, ಬ್ಯಾಟರಿಯ ಮಕ್ಕಳು,
ದಿಣ್ಣೆ ಹತ್ತುವಾಗ ಎಲ್ಲ ಒಂದೇ ಎತ್ತರ ನಿಲ್ಲಬೇಕು.
ಏಳನೆಯವನು ಕುಸಿಯುತ್ತಿದ್ದಾನೆ.

ಗೊಂಚಿಗ್ ಕಲ್ಲಿದ್ದಲ ಹೊಗೆಯ ಆಕಾಶ ನೋಡಿದ.

ಹಿಂದಿನ ಸೀಟಿನ ಪಕ್ಕ ಸಣ್ಣ ಜಾಲರಿ.
ಬ್ಯಾಟರಿಯ ಮೂಗು ಅದು.
ಜನ ಅದರ ಮೇಲೆ ಕಂಬಳಿ ಒಟ್ಟುತ್ತಾರೆ,
ಬೇಸಗೆಯಲ್ಲಿ ಅದು ಉಸಿರುಕಟ್ಟಿ ಸಾಯುತ್ತೆ,
ಆಮೇಲೆ ಚಳಿಗೆ ಶಾಪ ಹಾಕುತ್ತಾರೆ.
ಬಿಚ್ಚಿದೆ. ಉಣ್ಣೆ, ಧೂಳು, ಪೈನ್ ಬೀಜದ ಸಿಪ್ಪೆ,
ಕುರಿಯ ಕೀಲುಮೂಳೆಯೊಂದು. ಮಕ್ಕಳು ಆಡುವಂಥದ್ದು,
ಒಂದು ಬದಿಗೆ ನೇರಳೆ ಉಗುರುಬಣ್ಣ ಬಳಿದದ್ದು.

ಎದ್ದೆ. ಕಾರಿಗೊಂದು ಸುತ್ತು ಬಂದೆ.
ಆಗ ಬಿಳಿ, ಈಗ ಬೂದಿ.
ಬಾಗಿಲ ಅಂಚಿನಲ್ಲಿ ಆಯಿಲ್ ಬದಲಿಸಿದ ಚೀಟಿ,
ಅರ್ಧ ಕೆರೆದು ಬಿಟ್ಟದ್ದು.
ಎರಡರ ಬಾಲವನ್ನು ಹೀಗೆ ಸುತ್ತುವ ಕೈ ನನ್ನದು.
ಎರಡು ಲಕ್ಷದ ಎಪ್ಪತ್ತು ಸಾವಿರ.

ನಾಲ್ಕು ಚಳಿಗಾಲ ಟ್ಯಾಕ್ಸಿ ಓಡಿಸಿದ್ದೆ ಇದನ್ನು.
ಶಾಲೆ ಮುಗಿಸಿದ ಸರ್ನೈ ಹಿಂದೆ ಕೂತು
ಗಿರಾಕಿಗಳ ಜೊತೆ ಮೂಳೆಯಾಟಕ್ಕೆ ಪಂದ್ಯ ಕಟ್ಟುತ್ತಿದ್ದಳು.
ಒಂದು ಕಳೆದಾಗ ನಾನೇ ಎಸೆದೆನೆಂದು
ವಾರ ಪೂರ್ತಿ ಮಾತು ಬಿಟ್ಟಿದ್ದಳು.
ಇದನ್ನು ಮಾರಿದ ದಿನ
ನಾನೂ ಕತ್ತಲಲ್ಲೇ ಎದ್ದು ಬಂದು
ಎಂಜಿನ್ನು ಬಿಸಿ ಮಾಡಿಟ್ಟಿದ್ದೆ.

"ಏನು ಸಿಕ್ಕಿತು?" ಯಾಂಜ್ಮಾ ಬಗ್ಗಿದಳು.
"ಇದರ ಹಲ್ಲು" ಅಂದೆ.

ಗೊಂಚಿಗ್‌ಗೆ ಗದರಲು ನಾಲಿಗೆ ಏಳಲಿಲ್ಲ.
ಮೀಟರಿಗೆ ಇಷ್ಟು ಕಳಿ, ಏಳನೆಯವನಿಗೆ ಇಷ್ಟು ಅಂದೆ.
ತುಂಬ ಹೊತ್ತು ಹಿಮ ಒದೆಯುತ್ತಾ ನಿಂತು, ಕಳೆದ.
ಅವಳು ಒಳಜೇಬಿಗೆ ಕೈ ಹಾಕಿದಳು.
ನನ್ನ ಕೂಲಿ ಬೇಡ, ಜಾಲರಿಯ ಮೇಲೆ ಮಾತ್ರ ಏನೂ ಇಡಬೇಡ ಅಂದೆ.

ಅಷ್ಟರಲ್ಲಿ ಡ್ಯಾಶ್‌ಬೋರ್ಡಿನ ಜಪಾನಿ ಹೆಂಗಸು
ಏನೋ ಹೇಳಿದಳು, ಮೆಲ್ಲಗೆ, ಬಹಳ ಮರ್ಯಾದೆಯಿಂದ.
ನಾಲ್ಕು ವರ್ಷ ದಿನಾ ಕೇಳಿದ ಮಾತು.
ಏನೆಂದು ಇವತ್ತಿಗೂ ಗೊತ್ತಿಲ್ಲ.